ಮೂರು ಕೊಡ, ಮೋರು ಕೊಡ

ಹೊಸ ಮಣ್ಣಿನ ಮಡಿಕೆಗೆ ಮೊದಲ ಚೊಂಬು ನೀರು ಹೊಯ್ದರೆ ಅದು ಚುಂಯ್ ಎಂದು ಸಣ್ಣಗೆ ಸದ್ದು ಮಾಡುತ್ತದೆ. ಕಿವಿ ಹತ್ತಿರ ಇಟ್ಟರೆ ಮಾತ್ರ ಕೇಳುವಷ್ಟು. ಆಮೇಲೆ ವಾಸನೆ ಏಳುತ್ತದೆ. ಆ ವಾಸನೆಗೆ ಏನು ಹೆಸರಿಡಬೇಕೋ ನನಗೆ ಗೊತ್ತಿಲ್ಲ, ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅದು ಮೂಗಿಗೆ ಬಂದ ಕೂಡಲೇ ನಾಲ್ಕು ವರ್ಷದ ಹಿಂದಿನ ಆ ಬೇಸಿಗೆ ಇಡಿಯಾಗಿ ಬಂದು ಎದುರಿಗೆ ಕೂರುತ್ತದೆ.

ಮೊನ್ನೆ ಶಿವರಾತ್ರಿ ಕಳೆದ ಮೇಲೆ ಶಿವಮೊಗ್ಗಕ್ಕೆ ಮಗಳ ಮನೆಗೆ ಹೋದವಳು, ಬರುವಾಗ ಗಾಂಧಿ ಬಜಾರಿನ ಪಕ್ಕದ ಬೀದಿಯಲ್ಲಿ ಮಡಿಕೆ ಇಟ್ಟುಕೊಂಡು ಕೂರುವವಳ ಹತ್ತಿರ ಮೂರು ಮಡಿಕೆ ತೆಗೆದುಕೊಂಡೆ. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ ಆರಿಸಿದೆ. ಜೊತೆಗೆ ಮೊಮ್ಮಗಳು ಪುಟ್ಟಿ ಇದ್ದಳು. ಅವಳೂ ತಟ್ಟಿದಳು. ಬರುವ ಮೇ ತಿಂಗಳಿಗೆ ಅವಳಿಗೆ ನಾಲ್ಕು ತುಂಬುತ್ತದೆ, ಆದರೆ ಮಡಿಕೆ ತಟ್ಟುವಾಗಿನ ಗತ್ತು ನೋಡಿದರೆ ನಲವತ್ತು ಅನ್ನಬೇಕು. "ಇದು ಬೇಡ ಅಜ್ಜಿ, ಇದಕ್ಕೆ ಶೀತ ಆಗಿದೆ" ಎಂದು ಒಂದನ್ನು ಪಕ್ಕಕ್ಕೆ ಸರಿಸಿದಳು. ನಾನು ತಟ್ಟಿ ನೋಡಿದೆ. ನಿಜವಾಗಿಯೂ ಸಣ್ಣ ಬಿರುಕಿತ್ತು! ಮಡಿಕೆಯವಳು ನಕ್ಕು ಬೇರೆ ಕೊಟ್ಟಳು. ಬಸ್ಸಿನಲ್ಲಿ ಒಂದು ನನ್ನ ತೊಡೆಯ ಮೇಲೆ, ಎರಡು ಕಾಲಿನ ನಡುವೆ. ಪುಟ್ಟಿ ಮಾತ್ರ ಪಕ್ಕದ ಸೀಟಿನ ಅಪರಿಚಿತರ ತೊಡೆಯ ಮೇಲೆ ಕೂತು ಭದ್ರಾವತಿ ಬರುವ ತನಕ ಅವರ ಮನೆಯ ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡಳು.

ಈ ಮಗು ಹುಟ್ಟಿದ ಬೇಸಿಗೆಯ ಕಥೆಯನ್ನೇ ನಾನು ಹೇಳಹೊರಟಿರುವುದು.

ನಮ್ಮ ಮನೆ ಇರುವುದು ಭದ್ರಾವತಿಯಲ್ಲಿ, ಬಸ್‌ಸ್ಟಾಪಿಗೆ ಎದುರು. ಬಸ್‌ಸ್ಟಾಪ್ ಅಂದರೆ ಆಗ ಒಂದು ಕಂಬ, ಒಂದು ಹೊಂಗೆ ಮರ, ಅಷ್ಟೇ. ಬೇಸಿಗೆ ಶುರುವಾಗುವ ಹೊತ್ತಿಗೆ ಮರದ ಎಲೆಯೂ ಉದುರಿ ನೆರಳೂ ಇರುತ್ತಿರಲಿಲ್ಲ. ಮರದ ಬುಡದಲ್ಲಿ ಸೆಲ್ವಿ ಹೂ ಕಟ್ಟಿ ಮಾರುತ್ತಾಳೆ. ಅವಳ ತವರು ಸೇಲಂ ಕಡೆಯ ಒಂದು ಹಳ್ಳಿ. ಗಂಡ ಇಲ್ಲಿಯ ಕಾರ್ಖಾನೆಗೆ ಕೆಲಸಕ್ಕೆ ಬಂದಾಗ ಜೊತೆಗೆ ಬಂದವಳು, ಇಲ್ಲಿಯವಳೇ ಆಗಿಹೋದಳು. ಮೂವತ್ತು ವರ್ಷದಿಂದ ಕನ್ನಡ ಮಾತಾಡುತ್ತಾಳೆ. ಆದರೆ ಅವಳ ಕನ್ನಡದಲ್ಲಿ ಅಲ್ಲಲ್ಲಿ ತಮಿಳು ಇಣುಕುತ್ತದೆ, ಹಾಗೇ ನೀವು, ನೀನು ಎರಡೂ ಅವಳಿಗೆ ಒಂದೇ. ನಮ್ಮ ಮನೆಯವರೂ ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ರಿಟೈರ್ ಆದ ಮೇಲೆ ಅವರ ಸ್ಪ್ಯಾನರು, ಗರಗಸ ಎಲ್ಲ ಒಂದು ಟ್ರಂಕಿನೊಳಗೆ, ಅವರು ಅದರ ಪಕ್ಕದ ಕುರ್ಚಿಯಲ್ಲಿ.

ನಮಗೆ ಇರುವುದು ಒಬ್ಬಳೇ ಮಗಳು, ಸುಮಾ. ಶಿವಮೊಗ್ಗಕ್ಕೆ ಕೊಟ್ಟಿದ್ದೆವು. ಮದುವೆಯಾಗಿ ಏಳು ವರ್ಷದಲ್ಲಿ ಎರಡು ಸಲ ಬಸುರಾಗಿ ಎರಡು ಸಲವೂ ನಿಲ್ಲಲಿಲ್ಲ. ಆ ವರ್ಷ ಮತ್ತೆ ಆಗಿತ್ತು. ಹಾಸಿಗೆ ಬಿಟ್ಟು ಏಳಬೇಡಿ, ಬಸ್ಸು ಕಾರು ಯಾವುದೂ ಬೇಡ ಅಂತ ಡಾಕ್ಟರಮ್ಮ ಹೇಳಿದ್ದರಿಂದ ತವರಿಗೆ ಕರೆದು ತರುವ ಹಾಗಿರಲಿಲ್ಲ. ನಾನೇ ಹೋಗಿ ಇರೋಣವೆಂದರೆ ಬೀಗಿತ್ತಿ ಬಿಡಲಿಲ್ಲ. ಒಳ್ಳೆಯ ಹೆಂಗಸು, ಸುಮಾಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡವರು. ಆದರೆ ಬಾಯಿ ನೇರ.

"ನೀವು ಬಂದು ಮಂಚದ ಪಕ್ಕ ಕೂತ್ರೆ ಅವಳಿಗೆ ಇನ್ನೂ ಹೆದರಿಕೆ ಕಣ್ರೀ" ಎಂದರು. "ನಿಮ್ಮ ಮುಖ ನೋಡಿದ್ರೆ ನನಗೇ ಕೈಕಾಲು ತಣ್ಣಗಾಗುತ್ತೆ. ಭಾನುವಾರ ಬಂದು ಹೋಗಿ. ತಿಂಗಳು ತುಂಬಲಿ, ಆಗ ಬಂದು ಇರಿ."

ಅವರು ಹೇಳಿದ್ದು ಸುಳ್ಳಲ್ಲ. ನನ್ನ ಮುಖವೇ ಹಾಗೆ, ಒಳಗಿದ್ದದ್ದು ಒಂದೂ ನಿಲ್ಲುವುದಿಲ್ಲ. ಹಾಗಾಗಿ ದಿನಾ ಸಂಜೆ ಫೋನು ಮಾಡುತ್ತಿದ್ದೆ. "ಊಟ ಆಯ್ತಾ?" "ಹೂಂ." "ನಿದ್ದೆ ಬಂತಾ?" "ಹೂಂ." "ಮಗು ಒದೀತಾ?" ಈ ಪ್ರಶ್ನೆಗೆ ಮಾತ್ರ ಸ್ವಲ್ಪ ತಡೆದು "ಹೂಂ" ಎನ್ನುತ್ತಿದ್ದಳು. ಆ ತಡೆಯೊಳಗೆ ನನ್ನ ಜೀವ ಹೋಗಿ ಬರುತ್ತಿತ್ತು. ಇಬ್ಬರಿಗೂ ಹೆದರಿಕೆ, ಇಬ್ಬರೂ ಬಾಯಿ ಬಿಡುವವರಲ್ಲ.

ಹೀಗಿರುವಾಗ ಶಿವರಾತ್ರಿಯ ಸಂಜೆ ನಮ್ಮ ಬೀದಿಯ ಈಶ್ವರನ ಗುಡಿಯಲ್ಲಿ ಎಲ್ಲರೂ ಸೇರಿದ್ದೆವು. ಭಜನೆಯ ನಡುವೆ ಅರ್ಚಕರು, ಬಸ್‌ಸ್ಟಾಪಿನಲ್ಲಿ ಕುಡಿಯಲು ಒಂದು ಹನಿ ನೀರಿಲ್ಲ, ಮೊದಲೆಲ್ಲ ಬೇಸಿಗೆಯಲ್ಲಿ ಅರವಟ್ಟಿಗೆ ಇಡುತ್ತಿದ್ದರು, ಈಗ ಯಾರಾದರೂ ದಿನಕ್ಕೆ ಒಂದೆರಡು ಕೊಡ ನೀರು ಇಡಬಾರದೆ ಎಂದರು. ಎಲ್ಲರೂ ತಾಳದ ಕಡೆಗೇ ನೋಡುತ್ತ ಕೂತರು. ನಮ್ಮ ಮನೆ ಎದುರಿಗೇ ಇದೆ, ನಲ್ಲಿ ಇದೆ, ಕೈಯಲ್ಲಿ ಶಕ್ತಿ ಇದೆ. ಸುಮ್ಮನೆ ಕೂತು ಮಗಳ ಬಗ್ಗೆ ಯೋಚನೆ ಮಾಡುವುದಕ್ಕಿಂತ ನೀರು ಹೊರುವುದು ಹಗುರ ಅನ್ನಿಸಿತು. ಎದ್ದು ನಿಂತು, "ನಾನು ಇಡ್ತೀನಿ. ಮುಂಗಾರು ಹಿಡಿಯೋ ತನಕ ದಿನಾ ಮೂರು ಕೊಡ" ಎಂದುಬಿಟ್ಟೆ. ಅಷ್ಟರಲ್ಲಿ ಮೈಕು ಕೀ ಎಂದು ಕಿರುಚಿತು, ಭಜನೆ ಮುಂದುವರಿಯಿತು.

ಸೋಮವಾರ ಬೆಳಿಗ್ಗೆ ಮೂರು ಹೊಸ ಮಡಿಕೆಗೆ ನೀರು ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮೇಲೆ ಒಂದೊಂದು ಲೋಟ ಇಟ್ಟೆ. ಒಂಬತ್ತು ಗಂಟೆಗೆ ಒಬ್ಬ ಮುದುಕರು ಬಂದು ಮೊದಲ ಮಡಿಕೆಯ ಬಟ್ಟೆ ಬಿಚ್ಚಿ ನೋಡಿದರು. ಎರಡನೆಯದು ನೋಡಿದರು. ಮೂರನೆಯದಕ್ಕೆ ತಲೆಯನ್ನೇ ಹಾಕಿದರು.

"ಮಜ್ಜಿಗೆ ಎಲ್ಲಮ್ಮ?" ಎಂದರು.

"ಮಜ್ಜಿಗೆ ಯಾರು ಹೇಳಿದ್ರು? ನೀರು, ಕುಡೀರಿ."

"ಇವತ್ತಿಂದ ಮಜ್ಜಿಗೆ ಅಂದ್ರಲ್ಲ! ನಾನು ಅದಕ್ಕೇ ಕಾಫಿ ಕುಡೀದೆ ಬಂದೀನಿ."

ಅವರ ಹಿಂದೆ ನೋಡಿದರೆ ಶಾಲೆಯ ಆಯಾ, ಇಬ್ಬರು ಗಾರೆ ಕೆಲಸದವರು, ಹನ್ನೊಂದು ಗಂಟೆಗೆ ಶಿವಮೊಗ್ಗಕ್ಕೆ ಹೋಗುವ ಬಸ್ಸಿನ ಕಂಡಕ್ಟರು ಕೂಡ. ಕೆಲವರು ತಮ್ಮದೇ ಲೋಟ ತಂದಿದ್ದರು. ನನಗೆ ತಲೆ ಕೆಟ್ಟುಹೋಯಿತು. ಸೆಲ್ವಿ ಮಾತ್ರ ಹೂ ಕಟ್ಟುತ್ತ ಹೆಮ್ಮೆಯಿಂದ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದಳು.

"ಏನೇ ಸೆಲ್ವಿ, ಇವರಿಗೆಲ್ಲ ಮಜ್ಜಿಗೆ ಅಂತ ಹೇಳಿದ್ಯಾರು?"

"ನಾನೇ ಅಕ್ಕಾ! ಎಲ್ಲಾರ್ಗೂ ಹೇಳಿದೆ. ನೀನೇ ಹೇಳಿದ್ದಲ್ವಾ ಗುಡಿಯಲ್ಲಿ, ದಿನಾ ಮೋರು ಕೊಡ ಅಂತ."

ಮೋರು ಅಂದರೆ ತಮಿಳಿನಲ್ಲಿ ಮಜ್ಜಿಗೆ.

"ಮೂರು ಕಣೇ ಮಾರಾಯ್ತಿ! ಮೂರು! ಒಂದು, ಎರಡು, ಮೂರು!" ಎಂದು ಬೆರಳು ಎತ್ತಿ ತೋರಿಸಿದೆ.

ಸೆಲ್ವಿ ನನ್ನ ಬೆರಳು ನೋಡಿದಳು, ಮಡಿಕೆ ನೋಡಿದಳು, ಸಾಲಿನಲ್ಲಿದ್ದವರನ್ನು ನೋಡಿದಳು. "ಅಯ್ಯಯ್ಯೋ" ಎಂದಳು. ಮರುಕ್ಷಣವೇ ಸೊಂಟಕ್ಕೆ ಕೈಯಿಟ್ಟು ನನ್ನ ಮೇಲೇ ತಿರುಗಿದಳು. "ನಮ್ ಊರಲ್ಲಿ ಬೇಸಿಗೆ ಬಂದ್ರೆ ದಾರೀಲಿ ಪಂದಲ್ ಹಾಕಿ ಮೋರು ಕೊಡ್ತಾರೆ. ಬರೀ ನೀರಿಗೆ ಯಾರಾದ್ರೂ ಗುಡೀಲಿ ಎದ್ದು ನಿಂತು ಹೇಳ್ತಾರಾ? ನೀನು ಅಷ್ಟು ಗತ್ತಲ್ಲಿ ಹೇಳಿದ್ರೆ ನಾನು ಇನ್ನೇನಂದ್ಕೊಳ್ಲಿ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಾಫಿ ಬಿಟ್ಟು ಬಂದಿದ್ದ ಮುದುಕರು ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದರು. ಅವರ ಮುಖ ನೋಡಲಾಗದೆ ನಾನು ಒಳಗೆ ಹೋಗಿ ಮನೆಯಲ್ಲಿದ್ದ ಮೊಸರನ್ನೆಲ್ಲ ಕಡೆದು, ಶುಂಠಿ, ಕರಿಬೇವು ಜಜ್ಜಿ ಹಾಕಿ, ಇಂಗು, ಉಪ್ಪು ಬೆರೆಸಿ, ಮೂರನೇ ಮಡಿಕೆಯ ನೀರು ಗಿಡಕ್ಕೆ ಚೆಲ್ಲಿ ಅದರೊಳಗೆ ಹೊಯ್ದೆ. ಮುದುಕರು ಎರಡು ಲೋಟ ಕುಡಿದು, ಮೀಸೆ ಒರೆಸಿಕೊಂಡು, "ನಾಳೆ ಉಪ್ಪು ಸ್ವಲ್ಪ ಕಡಿಮೆ ಇರಲಿ" ಎಂದು ಹೊರಟುಹೋದರು. ನಾಳೆಯಂತೆ!

ಮಧ್ಯಾಹ್ನ ಊಟಕ್ಕೆ ಕೂತ ನಮ್ಮ ಮನೆಯವರು ಮೊಸರಿಗೆ ಕೈ ಚಾಚಿದಾಗ ಪಾತ್ರೆ ಬರಿದಾಗಿತ್ತು. "ದಿನಕ್ಕೆ ಮೂರು ಕೊಡ ನೀರು ಅಂದ್ಯಲ್ಲೇ" ಎಂದರು. "ಸೆಲ್ವಿನ ಕೇಳಿ" ಎಂದೆ.

ಆ ಸಂಜೆ ಫೋನಿನಲ್ಲಿ ಊಟ, ನಿದ್ದೆ ಎರಡೂ ಕೇಳುವುದು ಮರೆತೇಹೋಯಿತು. ನಡೆದದ್ದನ್ನೆಲ್ಲ ಸುಮಾಳಿಗೆ ಹೇಳಿದೆ. ಮುದುಕರು ಮಡಿಕೆಗೆ ತಲೆ ಹಾಕಿದ್ದು, ಸೆಲ್ವಿ ಸೊಂಟಕ್ಕೆ ಕೈಯಿಟ್ಟದ್ದು. ಆ ಕಡೆಯಿಂದ ಒಂದು ಸದ್ದು ಬಂತು. ನನ್ನ ಮಗಳು ನಗುತ್ತಿದ್ದಳು. ಎಷ್ಟು ತಿಂಗಳಾಗಿತ್ತು ಆ ನಗು ಕೇಳಿ! "ಅಮ್ಮಾ, ಹೊಟ್ಟೆ ಅಲ್ಲಾಡುತ್ತೆ, ನಿಲ್ಸಮ್ಮ" ಎಂದಳು. ಆಮೇಲೆ ತಾನಾಗಿಯೇ, "ಮಗು ಕೂಡ ಒದೀತಿದೆ" ಎಂದಳು. ತಡೆಯಲಿಲ್ಲ. ನಾನು ಕೇಳುವ ಮೊದಲೇ ಹೇಳಿದಳು.

ಮಾರನೇ ಸಂಜೆ ಫೋನು ಎತ್ತಿದವಳೇ, "ಇವತ್ತೇನಾಯ್ತಮ್ಮ?" ಎಂದಳು.

ಆಮೇಲೆ ನನ್ನನ್ನು ಹಿಡಿಯುವವರು ಯಾರು? ದಿನವೂ ಏನಾದರೂ ಆಗಲೇಬೇಕಿತ್ತು, ಆಗುತ್ತಲೂ ಇತ್ತು. ಮಜ್ಜಿಗೆಗೆ ನಮ್ಮ ಮನೆಯ ಮೊಸರು ಸಾಲದಾಯಿತು. ಬೀದಿಯ ಹೆಂಗಸರು ತಾವೂ ಒಂದೊಂದು ಬಟ್ಟಲು ಮೊಸರು ಕೊಡುತ್ತೇವೆ ಎಂದರು. ಆದರೆ ಒಂದು ಮನೆಯದು ಸಿಹಿ, ಒಂದು ಮನೆಯದು ಬಾಯಿಗಿಟ್ಟರೆ ಕಣ್ಣು ಮುಚ್ಚುವ ಹುಳಿ. ಎಲ್ಲ ಬೆರೆಸಿದ ದಿನ ಕಂಡಕ್ಟರು ಒಂದು ಗುಟುಕು ಕುಡಿದು, "ಅಜ್ಜಿ, ಇದರಲ್ಲಿ ಎಷ್ಟು ಮನೆ ಜಗಳ ಇದೆ?" ಎಂದ. ಅವತ್ತು ನಾನು ನಮ್ಮ ಮನೆಯ ಮೊಸರನ್ನೇ ಚಮಚ ಚಮಚ ಹೆಪ್ಪಿಗೆಂದು ಎಲ್ಲ ಮನೆಗೂ ಹಂಚಿದೆ. ಆ ಹೆಪ್ಪು ಹಾಕಿದ ಮೇಲೆ ವಾರದೊಳಗೆ ಬೀದಿಗೆಲ್ಲ ಒಂದೇ ರುಚಿಯ ಮೊಸರಾಯಿತು. ಈಗಲೂ ಹಾಗೇ ಇದೆ. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಉಂಡರೂ ಕೊನೆಯ ತುತ್ತು ನಮ್ಮ ಮನೆಯದೇ.

ಯಾವ ಮಡಿಕೆಯಲ್ಲಿ ಏನಿದೆ ಎಂದು ದಿನಕ್ಕೆ ನೂರು ಸಲ ಹೇಳಿ ಸಾಕಾಗಿ ಸೀಮೆಸುಣ್ಣದಲ್ಲಿ ನಾನೇ ಬರೆದೆ. ನೀರು ಸರಿಯಾಗಿತ್ತು. ಇನ್ನೊಂದು 'ಮಜಿಗೆ' ಆಗಿತ್ತು. ಹೈಸ್ಕೂಲಿನ ಹುಡುಗಿಯರು ನೋಡಿ ಕಿಸಕ್ಕೆಂದರು. ಅಳಿಸಲು ಹೋದರೆ ಆ ಮುದುಕರು ಬಿಡಲಿಲ್ಲ. "ಇರಲಿ ಬಿಡಮ್ಮ, ಒತ್ತು ಇಲ್ಲದಿದ್ರೆ ಹೊಟ್ಟೆಗೆ ಹಗುರ" ಎಂದರು. ಸುಮಾ ಇದಕ್ಕೆ ನಕ್ಕಿದ್ದು ಎಷ್ಟೆಂದರೆ ಬೀಗಿತ್ತಿ ಫೋನು ಕಿತ್ತುಕೊಂಡು, "ಏನ್ ಹೇಳ್ತಿದೀರಿ ನೀವು? ನನಗೂ ಹೇಳಿ" ಎಂದರು. ಅವತ್ತಿನಿಂದ ಅವರೂ ಕೇಳಲು ಕೂರತೊಡಗಿದರು.

ಮಜ್ಜಿಗೆ ಕುಡಿಯುವವರು ಬಿಸಿಲಲ್ಲಿ ನಿಲ್ಲುತ್ತಾರಲ್ಲ ಎಂದು ಒಂದು ದಿನ ಮನೆಯಲ್ಲಿ ಹೇಳಿದೆ, ಬೇರೆ ಉದ್ದೇಶವಿರಲಿಲ್ಲ. ನಮ್ಮ ಮನೆಯವರು, "ಇನ್ನು ಅವರಿಗೆಲ್ಲ ಮನೆ ಕಟ್ಟಿಸಿಕೊಡು" ಎಂದು ಗೊಣಗಿದರು. ಆದರೆ ಮಾರನೇ ದಿನ ಟ್ರಂಕಿನ ಬೀಗ ತೆಗೆದ ಸದ್ದು ಕೇಳಿತು. ಯಾರದೋ ತೋಟದಲ್ಲಿ ಮಿಕ್ಕಿದ್ದ ಹಸಿರು ನೆರಳು ಬಲೆ, ಹಳೆಯ ಪೈಪು ಎಲ್ಲ ಸೇರಿಸಿ ಎರಡು ದಿನದಲ್ಲಿ ಚಪ್ಪರ ಎದ್ದಿತು. ಚಪ್ಪರದ ಕೆಳಗೆ ಮಡಿಕೆಗೆ ಕಬ್ಬಿಣದ ಸ್ಟ್ಯಾಂಡು, ಮುದುಕರಿಗೆ ಒಂದು ಬೆಂಚು, ದನಗಳಿಗೆ ಒಂದು ತೊಟ್ಟಿ ಬಂದವು. ನನಗೆಂದು ಉದ್ದ ಹಿಡಿಯ ಒಂದು ಸ್ಟೀಲ್ ಸೌಟು ಮಾಡಿಕೊಟ್ಟರು, ತುದಿಯಲ್ಲಿ ಮಡಿಕೆಯ ಬಾಯಿಗೆ ತಗಲಿಸಲು ಕೊಕ್ಕೆ. ಮದುವೆಯಾದ ಮೇಲೆ ಅವರು ತಮ್ಮ ಕೈಯಾರೆ ನನಗೆ ಮಾಡಿಕೊಟ್ಟ ಮೊದಲ ವಸ್ತು ಅದು. ಅದನ್ನು ಹೇಳಿದರೆ, "ಮಡಿಕೆಗೆ ಮಾಡಿದ್ದು" ಎನ್ನುತ್ತಾರೆ.

ಬೆಂಚು ಬಂದ ಮೇಲೆ ಜನ ಕೂರತೊಡಗಿದರು. ಕೂತವರು ಮರೆತು ಹೋಗತೊಡಗಿದರು. ಕೊಡೆ, ಟಿಫಿನ್ ಡಬ್ಬಿ, ಒಂದು ಸಲ ಹಲ್ಲಿನ ಸೆಟ್ಟು. ಎಲ್ಲ ನಮ್ಮ ಕಿಟಕಿಯಲ್ಲಿ ಸಾಲಾಗಿ ಕೂತವು. "ನನ್ನ ತಂಗಿ ಬಂದ್ರೆ ನಾನು ಹತ್ತರ ಬಸ್ಸಿಗೆ ಹೋದೆ ಅಂತ ಹೇಳಿ" ಎಂಬಂಥ ಸುದ್ದಿಗಳು ಸೆಲ್ವಿಯ ಪಾಲಿಗೆ ಬಂದವು. ಅವಳಿಗೆ ಸುದ್ದಿ ಹೇಳುವ ಕೆಲಸ ಎಂದರೆ ಎಷ್ಟು ಪ್ರೀತಿಯೋ ಅಷ್ಟೇ ಅಪಾಯ. ಬಾಯಿಂದ ಬಾಯಿಗೆ ಹೋದದ್ದು ಮೂರು ಮೋರಾದ ಹಾಗೆ ಏನಾಗುತ್ತದೋ ಎಂದು ನಾನು ಕಾದೇ ಕೂತಿರುತ್ತಿದ್ದೆ.

ಆದರೆ ಇಷ್ಟೆಲ್ಲದರ ಅಡಿಯಲ್ಲಿ ನನಗೊಂದು ಅಳುಕಿತ್ತು. ಅರವಟ್ಟಿಗೆಯ ಮಡಿಕೆ ಒಮ್ಮೆ ಇಟ್ಟ ಮೇಲೆ ಮಳೆಗಾಲದ ತನಕ ಒಣಗಬಾರದು, ಒಣಗಿದರೆ ಇಟ್ಟವರ ಮನೆಗೆ ಒಳ್ಳೆಯದಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದಳು. ಗುಡಿಯಲ್ಲಿ ಎದ್ದು ನಿಂತಾಗ ಇದು ನೆನಪಿಗೆ ಬರಲಿಲ್ಲ. ಆಮೇಲೆ ಬಂತು, ಬಂದದ್ದು ಹೋಗಲಿಲ್ಲ. ಒಂದೊಂದು ದಿನ ನಲ್ಲಿ ಬಾರದಿದ್ದರೆ ಬೀದಿಯ ಕೊನೆಯ ಬೋರ್‌ವೆಲ್ಲಿನಿಂದ ಹೊತ್ತು ತರುತ್ತಿದ್ದೆ. ಸೆಲ್ವಿಗೆ ಆಶ್ಚರ್ಯ. "ಒಂದಿನ ನೀರಿಲ್ಲಾಂದ್ರೆ ಯಾರೂ ಸಾಯಲ್ಲ ಅಕ್ಕಾ, ಯಾಕಿಂಗೆ ಓಡ್ತೀಯ?" ಎಂದು ಕೇಳಿದಾಗ ತಡೆಯಲಾಗದೆ ಅವಳೊಬ್ಬಳಿಗೆ ಹೇಳಿಬಿಟ್ಟೆ. ಮಡಿಕೆ ಒಣಗಿದರೆ ನನ್ನ ಮಗಳಿಗೆ ಏನಾಗುತ್ತದೋ ಎಂಬ ಹೆದರಿಕೆ ಎಂದು. ಸೆಲ್ವಿ ನಗಲಿಲ್ಲ. ಮಾರನೇ ಬೆಳಿಗ್ಗೆ ಅವಳೂ ತನ್ನ ಮನೆಯಿಂದ ಒಂದು ಕೊಡ ಸೊಂಟದ ಮೇಲಿಟ್ಟುಕೊಂಡು ಬಂದಳು. ಅಲ್ಲಿಂದ ಮುಂದೆ ದಿನವೂ ತಂದಳು.

ಮೇ ತಿಂಗಳು ಬಂತು. ಮಧ್ಯೆ ಒಂದೆರಡು ಸಲ ನಾಲ್ಕು ಹನಿ ಬಿದ್ದದ್ದನ್ನು ನಾನು ಮಳೆಯೆಂದು ಒಪ್ಪಲಿಲ್ಲ. ಹೆರಿಗೆಗೆ ಇನ್ನೂ ಮೂರು ವಾರವಿತ್ತು. ಮುಂದಿನ ಸೋಮವಾರದಿಂದ ಶಿವಮೊಗ್ಗದಲ್ಲೇ ಹೋಗಿ ಇರುವುದೆಂದು, ಅಷ್ಟರಲ್ಲಿ ಮಡಿಕೆಯ ಕೆಲಸ ಯಾರ್‍ಯಾರು ನೋಡಿಕೊಳ್ಳಬೇಕೆಂದು ದಿನದ ಪ್ರಕಾರ ಹಂಚಿ ಇಟ್ಟಿದ್ದೆ. ಸೋಮವಾರ ಬರಲೇ ಇಲ್ಲ.

ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಚಪ್ಪರದಡಿ ಸಾಲು ನಿಂತಿತ್ತು. ಅವತ್ತು ನಲ್ಲಿ ಬಂದಿರಲಿಲ್ಲ, ನೀರಿನ ಮಡಿಕೆಗಳು ಅರ್ಧಕ್ಕೆ ಇಳಿದಿದ್ದವು. ಇನ್ನು ಬೋರ್‌ವೆಲ್ಲಿಗೆ ಹೋಗಬೇಕು ಅಂದುಕೊಳ್ಳುತ್ತಿದ್ದಾಗ ಫೋನು ಬಂತು. ಬೀಗಿತ್ತಿ.

"ಆಸ್ಪತ್ರೆಗೆ ಕರ್ಕೊಂಡು ಬಂದೀವಿ ಕಣ್ರೀ. ನೋವು ಶುರುವಾಗಿದೆ. ಹೆದರ್ಕೋಬೇಡಿ, ಬನ್ನಿ."

ಅವರ ಧ್ವನಿ ನೇರವಾಗಿರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಮೂರು ವಾರ ಮುಂಚೆ! ನಾನು ಶಿವಮೊಗ್ಗದ ಕಡೆ ತಿರುಗಿ ನೋಡಿದೆ, ಮಡಿಕೆಯ ಕಡೆ ತಿರುಗಿ ನೋಡಿದೆ. ಕಾಲು ಎರಡಕ್ಕೂ ಏಳಲಿಲ್ಲ. "ನೀರು ತುಂಬಿಟ್ಟು ಬರ್ತೀನಿ, ನೀರು ತುಂಬಿಟ್ಟು..." ಎಂದು ಅದನ್ನೇ ಹೇಳುತ್ತಿದ್ದೆನಂತೆ. ಸೆಲ್ವಿ ಹೂವಿನ ಬುಟ್ಟಿಗೆ ಗೋಣಿ ಮುಚ್ಚಿ, ಎದ್ದು ಬಂದು ನನ್ನ ತೋಳು ಹಿಡಿದಳು.

"ಮಡಿಕೆ ಒಣಗಿದ್ರೆ ಒಣಗ್ಲಿ. ನಡಿ ಅಕ್ಕಾ."

"ಬೇಡ ಕಣೇ, ನೀನಾದ್ರೂ ಇಲ್ಲಿರು..."

"ನಿನ್ನ ಇಂಗೆ ಒಬ್ಳೇ ಬಿಟ್ರೆ ಬಸ್ಸಿಂದ ಅರ್ಧ ದಾರೀಲಿ ಇಳಿದು ಮಡಿಕೆಗೆ ವಾಪಸ್ ಬರ್ತೀಯ. ನಡಿ."

ಹನ್ನೊಂದರ ಬಸ್ಸು ನಿಂತೇ ಇತ್ತು. ಕಂಡಕ್ಟರು ಮುಂದಿನ ಸೀಟಿನವರನ್ನು ಎಬ್ಬಿಸಿ ನಮ್ಮನ್ನು ಕೂರಿಸಿ, ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದ. "ಮಜ್ಜಿಗೆ ಅಜ್ಜಿ ಮಗಳಿಗೆ ಹೆರಿಗೆ ನೋವಂತೆ. ದಾರೀಲಿ ಇಳಿಯೋರು ಬಾಗಿಲಿಗೆ ಬಂದು ನಿಂತಿರಿ, ಪೂರ್ತಿ ನಿಲ್ಸಲ್ಲ." ಹಿಂದೆ ಗೋಧಿ ಹಿಟ್ಟಿನ ಚೀಲ ಇಟ್ಟುಕೊಂಡಿದ್ದ ಒಬ್ಬರು, "ಈ ಚೀಲ ಹಿಡ್ಕೊಂಡು ನಾನು ಹಾರೋದಾ? ಹೋಗಿ ಹೋಗಿ, ನಾನು ಶಿವಮೊಗ್ಗ ನೋಡ್ಕೊಂಡೇ ಬರ್ತೀನಿ, ಬರ್ತಾ ಇಳಿಸಿ" ಎಂದರು. ಜನ ನಕ್ಕರು. ನನಗೆ ನಗಲಿಕ್ಕೂ ಆಗಲಿಲ್ಲ, ಅಳಲಿಕ್ಕೂ ಆಗಲಿಲ್ಲ. ಕೈಗಳು ಏನನ್ನೋ ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಏನು ಹಿಡಿದಿದ್ದೇನೆ ಎಂದು ನೋಡುವ ಸ್ಥಿತಿಯೂ ಇರಲಿಲ್ಲ.

ಅದನ್ನು ನೋಡಿದವರು ಆಸ್ಪತ್ರೆಯ ನರ್ಸು. "ಅಜ್ಜಿ, ಹೆರಿಗೆ ವಾರ್ಡಿಗೆ ಸೌಟು ಯಾಕೆ?"

ಮಜ್ಜಿಗೆಯ ಸೌಟು! ಉದ್ದ ಹಿಡಿ, ತುದಿಯಲ್ಲಿ ಕೊಕ್ಕೆ, ಇನ್ನೂ ಕರಿಬೇವಿನ ಎಲೆ ಅಂಟಿಕೊಂಡಿದೆ. ಸ್ಟ್ರೆಚರಿನ ಮೇಲೆ ಒಳಗೆ ಹೋಗುತ್ತಿದ್ದ ಸುಮಾ ಅದನ್ನು ನೋಡಿದಳು. ನೋವಿನಲ್ಲಿ ಮುಖ ಹಿಂಡಿಹೋಗಿತ್ತು. ಆದರೂ, "ಇವತ್ತೇನಾಯ್ತಮ್ಮ?" ಎಂದಳು.

"ಆಮೇಲೆ ಹೇಳ್ತೀನಿ ಕಂದ. ನೀನು ಬಾ, ಎಲ್ಲ ಹೇಳ್ತೀನಿ" ಎಂದೆ.

ಬಾಗಿಲು ಮುಚ್ಚಿತು. ನಾನು, ಬೀಗಿತ್ತಿ, ಸೆಲ್ವಿ ಬೆಂಚಿನ ಮೇಲೆ ಕೂತೆವು. ಅಳಿಯ ಔಷಧಿಯಂಗಡಿಗೂ ವಾರ್ಡಿಗೂ ಓಡಾಡುತ್ತಿದ್ದ. ಮುಂದಿನ ಬಸ್ಸಿಗೆ ನಮ್ಮ ಮನೆಯವರೂ ಬಂದು ತಲುಪಿದರು. ಹಿಂದಿನ ಎರಡು ಸಲವೂ ಹೀಗೇ ಬಾಗಿಲ ಹೊರಗೆ ಕೂತು, ಎರಡು ಸಲವೂ ಬರಿಗೈಯಲ್ಲಿ ಎದ್ದು ಹೋಗಿದ್ದೆವು. ನನ್ನ ಕಣ್ಣ ಮುಂದೆ ಮಡಿಕೆಗಳಲ್ಲಿ ನೀರು ಇಳಿಯುತ್ತ ಇತ್ತು. ಈಗ ಕಾಲು ಭಾಗ ಇರಬಹುದು. ಈಗ ತಳ ಕಂಡಿರಬಹುದು. ಈಗ ತಳವೂ ಆರಿರಬಹುದು. ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಬಂತು.

ನಾಲ್ಕು ಗಂಟೆ ಸುಮಾರಿಗೆ ಒಳಗೆ ಒಂದು ಅಳು ಕೇಳಿತು. ಸಣ್ಣದಲ್ಲ. ಭಜನೆಯ ದಿನ ಮೈಕು ಕಿರುಚಿತಲ್ಲ, ಹಾಗೆ. ಬೀಗಿತ್ತಿ ನನ್ನ ಕೈ ಹಿಡಿದರು, ನಾನು ಸೆಲ್ವಿಯ ಕೈ ಹಿಡಿದೆ. ಅದೇ ನರ್ಸು ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತಂದರು. "ಹೆಣ್ಣು. ತಾಯಿ, ಮಗು ಇಬ್ಬರೂ ಚೆನ್ನಾಗಿದಾರೆ. ಅಜ್ಜಿ, ಮೊದಲು ಆ ಸೌಟು ಕೆಳಗಿಡಿ, ಆಮೇಲೆ ಕೈ ಚಾಚಿ."

ಬೆಚ್ಚಗಿತ್ತು. ಅಷ್ಟೇ ಹೇಳಬಲ್ಲೆ.

ಮಗುವನ್ನು ಬೀಗಿತ್ತಿಯ ಕೈಗೆ ಕೊಟ್ಟ ಮೇಲೆ ನೆನಪಾಯಿತು. "ಸೆಲ್ವೀ, ಮಡಿಕೆ ಯಾರಿಗೆ ಹೇಳಿ ಬಂದೆ?"

ಸೆಲ್ವಿ ನಾಲಿಗೆ ಕಚ್ಚಿಕೊಂಡಳು. "ನಾನು ನಿಮ್ಮನೆಯವರಿಗೆ ಹೇಳೋಣ ಅಂತಿದ್ದೆ..." ಇಬ್ಬರೂ ನಮ್ಮ ಮನೆಯವರ ಕಡೆ ತಿರುಗಿದೆವು. ಅವರು, "ನೀವಿಬ್ರೂ ಇಲ್ಲಿದ್ರೆ ನಾನು ಅಲ್ಲಿ ನೀರು ಹೊತ್ಕೊಂಡು ಕೂರ್ಲಾ?" ಎಂದು ಬೇರೆ ಕಡೆ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು. ನನಗೆ ಹೊಟ್ಟೆಯ ಆಳದಿಂದ ನಗು ಬಂತು. ಆಸ್ಪತ್ರೆ ಎಂದೂ ನೋಡದೆ ನಕ್ಕೆ.

ಸಂಜೆ ಊರಿಗೆ ಹೋದ ಸೆಲ್ವಿ ಫೋನು ಮಾಡಿದಳು. "ಅಕ್ಕಾ, ಸುಳ್ಳು ಹೇಳಲ್ಲ. ನೀರಿನ ಮಡಿಕೆ ಎರಡೂ ಒಣಗಿದೆ. ಮೋರು ಮಡಿಕೇಲಿ ಬರೀ ಕರಿಬೇವು ಅಂಟ್ಕೊಂಡಿದೆ." ಆಮೇಲೆ, "ಆದ್ರೆ ದನದ ತೊಟ್ಟಿ ತುಂಬಿದೆ. ಯಾರೋ ಬಾಟ್ಲಿ ನೀರು ತಂದು ತಂದು ಹುಯ್ದಿದಾರೆ. ಬಾಟ್ಲಿ ಇಲ್ಲೇ ಬಿಟ್ಟು ಹೋಗಿದಾರೆ, ನಿನ್ನ ಕಿಟಕೀಲಿ ಇಟ್ಟೀನಿ" ಎಂದಳು.

ಮಡಿಕೆ ಒಣಗಿದ ದಿನವೇ ನನ್ನ ಮೊಮ್ಮಗಳು ಹುಟ್ಟಿದ್ದು. ನಮ್ಮಮ್ಮ ಬದುಕಿದ್ದರೆ ಇದಕ್ಕೆ ಏನನ್ನುತ್ತಿದ್ದಳೋ ಗೊತ್ತಿಲ್ಲ. ಮೊಮ್ಮಗಳ ಮಗಳನ್ನು ಎತ್ತಿಕೊಳ್ಳುವ ಗಡಿಬಿಡಿಯಲ್ಲಿ ಅವಳೂ ಮರೆತೇಬಿಡುತ್ತಿದ್ದಳು. ಆ ಅಳುಕು ಅವತ್ತು ಬಿಟ್ಟುಹೋದದ್ದು ಮತ್ತೆ ನನ್ನ ಹತ್ತಿರ ಬಂದಿಲ್ಲ. ಮಡಿಕೆಯನ್ನು ಈಗಲೂ ತುಂಬುತ್ತೇನೆ. ಬಾಯಾರಿದವರಿಗೆ ನೀರು ಬೇಕು ಎಂದು ತುಂಬುತ್ತೇನೆ.

ಬಾಣಂತನಕ್ಕೆಂದು ನಾನು ಶಿವಮೊಗ್ಗದಲ್ಲೇ ಉಳಿದೆ. ಮಗುವಿಗೆ ಎಣ್ಣೆ ಹಚ್ಚಿ, ನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಾಕಿ ಮಲಗಿಸಿ, ಸಂಜೆ ಆಯಿತೆಂದರೆ ನಾನು, ಸುಮಾ, ಬೀಗಿತ್ತಿ ಮೂವರೂ ಫೋನಿನ ಸುತ್ತ ಕೂರುತ್ತಿದ್ದೆವು. ಈಗ ಆ ಕಡೆ ಸೆಲ್ವಿ. "ಇವತ್ತೇನಾಯ್ತೇ?" ಎಂದು ಕೇಳುವ ಸರದಿ ನನ್ನದು. ಒಂದು ದಿನ ಅವಳು ಮಾತಾಡುವುದಕ್ಕೆ ಮೊದಲೇ ಫೋನಿನೊಳಗೆ ಹೋ ಎಂಬ ಸದ್ದು ಕೇಳಿತು. "ಕೇಳ್ತಾ ಅಕ್ಕಾ? ಮಳೆ! ಮಡಿಕೆ ಕವುಚಿ ಇಟ್ಟೆ" ಎಂದು ಕೂಗಿದಳು. ಸ್ವಲ್ಪ ಹೊತ್ತಿಗೆ ನಮ್ಮ ಹೆಂಚಿನ ಮೇಲೂ ಅದೇ ಮಳೆ ಬಂತು. ಪುಟ್ಟಿ ತೊಟ್ಟಿಲಿನಲ್ಲಿ ಕಣ್ಣು ಬಿಟ್ಟು ಕೇಳುತ್ತ ಮಲಗಿದ್ದಳು.

ಈಗ ನೋಡಿ, ಬೀಗಿತ್ತಿಯೂ ಶಿವಮೊಗ್ಗದ ತಮ್ಮ ಬೀದಿಯಲ್ಲಿ ಅರವಟ್ಟಿಗೆ ಇಡುತ್ತಾರೆ. ಹೆಪ್ಪು ನಮ್ಮ ಮನೆಯದೇ, ಆದರೆ ತಮ್ಮ ಮಜ್ಜಿಗೆಯೇ ರುಚಿ ಎಂದು ಹೇಳಿಕೊಂಡು ತಿರುಗುತ್ತಾರೆ. ತಿರುಗಲಿ. ನಮ್ಮಲ್ಲಿ ಚಪ್ಪರ ಎರಡು ಪಟ್ಟಾಗಿದೆ, ಬೆಂಚು ಮೂರಾಗಿದೆ. ಆ ಮುದುಕರು ಈಗಲೂ ಬಂದು ಉಪ್ಪಿನ ತಪ್ಪು ಹುಡುಕುತ್ತಾರೆ.

ಮೊನ್ನೆ ತಂದ ಮಡಿಕೆಗಳನ್ನು ಒಂದು ದಿನ ನೆನೆಸಿ, ಮಾರನೇ ಬೆಳಿಗ್ಗೆ ಸ್ಟ್ಯಾಂಡಿನ ಮೇಲಿಟ್ಟು ತುಂಬಿದೆವು. ಎರಡರಲ್ಲಿ ನೀರು, ಕೊನೆಯದರಲ್ಲಿ ಮಜ್ಜಿಗೆ. ಪುಟ್ಟಿ ತನ್ನ ಎದೆಯೆತ್ತರದ ಆ ಸೌಟನ್ನು ಹಿಡಿದು, ಒಂದೊಂದೇ ಮಡಿಕೆಯನ್ನು ಮುಟ್ಟಿ ಎಣಿಸಿದಳು.

"ಒಂದು. ಎರಡು. ಮೋರು."

"ಆಹಾ, ಕೇಳಿದ್ಯಾ ಅಕ್ಕಾ? ಮೋರು ಅಂತು ಮಗು! ನನ್ನ ಮಾತು ಕಲಿತಿದೆ" ಎಂದು ಸೆಲ್ವಿ ಕುಣಿದಳು.

"ಸುಮ್ನಿರೇ. ಅವಳು ಎಣಿಸಿದ್ದು. ಮೂರು ಅಂದಿದ್ದು."

"ಮೋರು!"

"ಮೂರು ಕಣೇ ಮಾರಾಯ್ತಿ!"

ಇಬ್ಬರೂ ಅವಳ ಕಡೆ ತಿರುಗಿ, ಇನ್ನೊಂದು ಸಲ ಹೇಳು ಚಿನ್ನ ಎಂದೆವು. ಪುಟ್ಟಿ ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ಕೊನೆಯ ಮಡಿಕೆಯ ಬಟ್ಟೆ ಸರಿಸಿ, ಸೌಟು ಅದ್ದಿ, ಅರ್ಧ ನೆಲಕ್ಕೆ ಚೆಲ್ಲಿ ಅರ್ಧ ಲೋಟಕ್ಕೆ ಹೊಯ್ದು, ಬಸ್ಸಿಗೆ ಕಾಯುತ್ತ ನಿಂತಿದ್ದ ಒಬ್ಬರ ಮುಂದೆ ಹಿಡಿದಳು.

"ಕುಡೀರಿ" ಎಂದಳು. "ಅವರು ಹಂಗೇ, ದಿನಾ ಮಾತಾಡ್ತಿರ್ತಾರೆ."